ನಿಮ್ಮೂರ ಕೆರೆಯ ನಕ್ಷೆ ನೀವೇ ಮಾಡಿ

ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಕಲಿಯಬೇಕು ಅಂತ ಹೊರಟವರು ಮೊದಲು ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ಪರದೆ ತುಂಬ ಬಟನ್ ನೋಡಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದರ ಬದಲು ಒಂದು ಪ್ರಶ್ನೆ ಇಟ್ಟುಕೊಂಡು ಶುರು ಮಾಡಿ. ಪಹಣಿಯಲ್ಲಿ ನಿಮ್ಮೂರ ಕೆರೆ ಎಷ್ಟು ಎಕರೆ ಅಂತಿದೆ? ಇವತ್ತು ನೀರು ನಿಲ್ಲುವ ಜಾಗ ಎಷ್ಟಿದೆ? ಇಷ್ಟಕ್ಕೆ ಉತ್ತರ ಹುಡುಕುವುದರೊಳಗೆ ಜಿಐಎಸ್‌ನ ಮುಖ್ಯ ಕೆಲಸಗಳೆಲ್ಲ ಕೈಗೆ ಬಂದಿರುತ್ತವೆ.

ಜಿಐಎಸ್ ಅಂದರೆ ಸುಮ್ನೆ ಡಿಜಿಟಲ್ ನಕ್ಷೆ ಅಲ್ಲ. ನಕ್ಷೆಯ ಮೇಲಿನ ಪ್ರತಿ ಗುರುತಿನ ಹಿಂದೆ ಒಂದು ಪಟ್ಟಿ ಇರುತ್ತದೆ. ತೂಬು ಒಂದು ಚುಕ್ಕಿ, ಏರಿ ಮತ್ತು ಕಾಲುವೆ ಗೆರೆಗಳು, ಕೆರೆ ಅಂಗಳ ಒಂದು ಆಕಾರ. ತೂಬು ಯಾವಾಗ ದುರಸ್ತಿಯಾಯಿತು, ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಎಂಬುದೆಲ್ಲ ಪಟ್ಟಿಯಲ್ಲಿ. ನನ್ನನ್ನು ಕೇಳಿದರೆ ಚಿತ್ರಕ್ಕಿಂತ ಈ ಪಟ್ಟಿಯೇ ಮುಖ್ಯ. ಅದು ಸರಿ ಇದ್ದರೆ ನಕ್ಷೆ ಎಷ್ಟು ಸಲ ಬೇಕಾದರೂ ಮಾಡಬಹುದು.

ಮೊದಲು ಏರಿ ಮೇಲೆ ನಡೆಯಿರಿ

ಫೋನ್ ಹಿಡಿದು ಹೋಗಿ. ಊರಲ್ಲಿ ನೀರುಗಂಟಿ ಇದ್ದರೆ ಜೊತೆಗೆ ಕರೆದುಕೊಳ್ಳಿ, ಹಳೆ ಕಾಲುವೆಗಳು ಅವರಿಗೆ ಗೊತ್ತಿರುತ್ತವೆ. ತೂಬು, ಕೋಡಿ, ನೀರು ಒಳಬರುವ ಜಾಗ, ಹೀಗೆ ಒಂದೊಂದರ ಹತ್ತಿರ ನಿಂತು ಜಿಪಿಎಸ್ ಆ್ಯಪ್‌ನಲ್ಲಿ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರದ ಕೆಳಗೆ ವ್ಯತ್ಯಾಸ ಇನ್ನೂ ಜಾಸ್ತಿ.

ಮನೆಗೆ ಬಂದು ಇದನ್ನು ಎಕ್ಸೆಲ್‌ನಂಥ ಹಾಳೆಗೆ ಹಾಕಿ, ಸಿಎಸ್‌ವಿ ಫೈಲ್ ಆಗಿ, ಅಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯವಾಗಿ, ಉಳಿಸಿ. ಉಳಿಸುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿ ಆಯ್ಕೆ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಕನ್ನಡದಲ್ಲಿ ಬರೆದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣಬಹುದು.

ಈಗ ಕ್ಯೂಜಿಐಎಸ್

ಕ್ಯೂಜಿಐಎಸ್ ಉಚಿತ ಸಾಫ್ಟ್‌ವೇರ್. ಗ್ಯಾರಿ ಶೆರ್ಮನ್ 2002ರಲ್ಲಿ ಶುರು ಮಾಡಿದ್ದು, ಈಗ ಜಗತ್ತಿನ ಎಷ್ಟೋ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಹೊಸಬರು ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿಕೊಳ್ಳಿ. ಎಡಗಡೆ ಬ್ರೌಸರ್ ಪಟ್ಟಿಯಲ್ಲಿ ಎಕ್ಸ್‌ವೈಝಡ್ ಟೈಲ್ಸ್ ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇರುತ್ತದೆ. ಎರಡು ಸಲ ಒತ್ತಿದರೆ ಹಿನ್ನೆಲೆ ನಕ್ಷೆ ಬರುತ್ತದೆ. ಆಮೇಲೆ ಲೇಯರ್ (ನಕ್ಷೆಯ ಪದರ) ಮೆನುವಿನಲ್ಲಿ ಆ್ಯಡ್ ಲೇಯರ್, ಅದರೊಳಗೆ ಡಿಲಿಮಿಟೆಡ್ ಟೆಕ್ಸ್ಟ್ ಆರಿಸಿ ನಿಮ್ಮ ಸಿಎಸ್‌ವಿ ತೆರೆಯಿರಿ.

ಹೊಸಬರೆಲ್ಲ ಎಡವುವುದು ಇಲ್ಲೇ. ಎಕ್ಸ್ ಎಂದು ಕೇಳಿದಲ್ಲಿ ರೇಖಾಂಶ ಕೊಡಬೇಕು, ವೈ ಎಂದಲ್ಲಿ ಅಕ್ಷಾಂಶ. ಮಾತಿನಲ್ಲಿ ನಾವು ಅಕ್ಷಾಂಶ ಮೊದಲು ಹೇಳುತ್ತೇವೆ ಅಲ್ವಾ, ಅದಕ್ಕೇ ಅದಲುಬದಲಾಗುತ್ತದೆ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 12.97, ಪೂರ್ವ ರೇಖಾಂಶ 77.59ರಲ್ಲಿ. ತಿರುಗಿಸಿ ಕೊಟ್ಟರೆ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ, ಉತ್ತರ ಧ್ರುವದ ಕಡೆ ಹೋಗಿ ಕೂರುತ್ತದೆ!

ಕೆರೆಯ ಅಂಚು ಬಿಡಿಸುವುದು

ಉಪಗ್ರಹ ಚಿತ್ರದ ಹಿನ್ನೆಲೆ ಬೇಕಾದರೆ ಕ್ವಿಕ್‌ಮ್ಯಾಪ್‌ಸರ್ವಿಸಸ್ ಎಂಬ ಪ್ಲಗಿನ್ (ಹೆಚ್ಚುವರಿ ಸಲಕರಣೆ) ಹಾಕಿಕೊಳ್ಳಿ. ನಂತರ ಜಿಯೋಪ್ಯಾಕೇಜ್ ಎಂಬ ಫೈಲ್ ರೂಪದಲ್ಲಿ ಹೊಸ ಲೇಯರ್ ಮಾಡಿ, ಪಾಲಿಗನ್ (ಮುಚ್ಚಿದ ಆಕಾರ) ಆರಿಸಿ, ಅಂಚಿನುದ್ದಕ್ಕೂ ಕ್ಲಿಕ್ ಮಾಡುತ್ತಾ ಹೋಗಿ. ಮೌಸ್‌ನ ಬಲಗಡೆ ಬಟನ್ ಒತ್ತಿದರೆ ಆಕಾರ ಮುಗಿಯಿತು. ಶೇಪ್‌ಫೈಲ್ ಎಂಬ ಹಳೆ ಫೈಲ್ ರೂಪ ಬೇಡ. ಅದು ಒಂದು ಲೇಯರ್‌ಗೆ ನಾಲ್ಕೈದು ಫೈಲ್ ಮಾಡುತ್ತದೆ, ಕಾಲಂ ಹೆಸರು 10 ಅಕ್ಷರ ದಾಟಿದರೆ ಕತ್ತರಿಸುತ್ತದೆ.

ಲೇಯರ್ ಮಾಡುವಾಗ ನಿರ್ದೇಶಾಂಕ ಪದ್ಧತಿ, ಅಂದರೆ ನೆಲದ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ, ಯಾವುದು ಅಂತ ಕೇಳುತ್ತದೆ. ಕರ್ನಾಟಕದ ಬಹುಪಾಲಿಗೆ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರ, ಪಟ್ಟಿಯಲ್ಲಿ ಅದರ ಸಂಕೇತ ಸಂಖ್ಯೆ ಇಪಿಎಸ್‌ಜಿ 32643. ಆದರೆ 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ, ಕೆಜಿಎಫ್, ಮುಳಬಾಗಿಲಿನವರು 32644 ಆರಿಸಬೇಕು.

ಇದು ಯಾಕೆ ಮುಖ್ಯ? ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪದ್ಧತಿಯಲ್ಲಿ ಸಮಭಾಜಕದಿಂದ ದೂರ ಹೋದಷ್ಟೂ ಜಾಗ ಹಿಗ್ಗಿ ಕಾಣುತ್ತದೆ. ಅದರಲ್ಲೇ ನೇರವಾಗಿ ಅಳೆದರೆ ಬೆಂಗಳೂರಿನ ಕೆರೆ ಸುಮಾರು ಶೇ 5ರಷ್ಟು, ಬೀದರ್‌ನ ಕೆರೆ ಶೇ 10ರಷ್ಟು ದೊಡ್ಡದಾಗಿ ಬರುತ್ತದೆ. ಬೆಂಗಳೂರಿನ 40 ಎಕರೆ 42 ಆಗಿಬಿಡುತ್ತದೆ. ಆ ಎರಡು ಎಕರೆ ಎಲ್ಲೂ ಇಲ್ಲ!

ಎಕರೆ, ಗುಂಟೆ ಲೆಕ್ಕ

ಕ್ಯೂಜಿಐಎಸ್‌ನಲ್ಲಿ ಲೆಕ್ಕ ಮಾಡುವ ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು, ಡಾಲರ್ ಚಿಹ್ನೆ ಹಾಕಿ, ಜಾಗ ಬಿಡದೆ ಏರಿಯಾ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಸಾಮಾನ್ಯವಾಗಿ ಉತ್ತರ ಚದರ ಮೀಟರ್‌ನಲ್ಲಿ ಬರುತ್ತದೆ. 4046.86ರಿಂದ ಭಾಗಿಸಿದರೆ ಎಕರೆ. ಪಹಣಿ ಜೊತೆ ಹೋಲಿಸುವಾಗ ಎಚ್ಚರ. ಅಲ್ಲಿ 12.20 ಅಂತಿದ್ದರೆ ಅದು 12 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಹನ್ನೆರಡೂವರೆ ಎಕರೆ.

ನಿಮ್ಮ ಲೆಕ್ಕ ಪಹಣಿಗಿಂತ ಕಡಿಮೆ ಬಂದರೆ ತಕ್ಷಣ ಒತ್ತುವರಿ ಅಂತ ಕೂಗಬೇಡಿ. ನೀವು ಅಳೆದದ್ದು ನೀರು ನಿಂತ ಜಾಗ. ಪಹಣಿಯ ವಿಸ್ತೀರ್ಣದಲ್ಲಿ ಬೇಸಿಗೆಯಲ್ಲಿ ಒಣಗುವ ಅಂಗಳವೂ ಸೇರಿರುತ್ತದೆ. ಮಳೆಗಾಲ ಮುಗಿದ ಮೇಲಿನ ಒಂದು ಚಿತ್ರ, ಮೇ ತಿಂಗಳ ಒಂದು ಚಿತ್ರ ಎರಡನ್ನೂ ನೋಡಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಎಕರೆಗಟ್ಟಲೆ ಕೆರೆಗೆ ಸಾಕು, ಕಾಲುವೆಗೆ ಸಾಲದು. ಕಳೆ ಮುಚ್ಚಿದ ಕೆರೆಯಾದರೆ ಉಪಗ್ರಹಕ್ಕೆ ನೀರಿನ ಬದಲು ಹಸಿರೇ ಕಾಣುತ್ತದೆ, ಅಲ್ಲಿ ನಿಮ್ಮ ಕಣ್ಣೇ ಗತಿ.

ಸರ್ವೆ ನಂಬರಿನ ಗಡಿ ನೋಡಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಅದಾಗಲಿ ನಿಮ್ಮ ನಕ್ಷೆಯಾಗಲಿ ಕಾನೂನಿನ ಮಟ್ಟಿಗೆ ಅಳತೆಯಲ್ಲ. ತಕರಾರು ಇದ್ದರೆ ಸರ್ವೆ ಇಲಾಖೆಯಿಂದಲೇ ಅಳೆಸಬೇಕು.

ಆನ್‌ಲೈನ್‌ಗೆ ಹಾಕುವುದು

ಲೇಯರ್ ಅನ್ನು ವೆಬ್ ನಕ್ಷೆಗಳು ಓದುವ ಜಿಯೋಜೇಸನ್ ರೂಪದಲ್ಲಿ, ಇಪಿಎಸ್‌ಜಿ 4326ರಲ್ಲಿ (ಅಕ್ಷಾಂಶ, ರೇಖಾಂಶದ ಪದ್ಧತಿ) ಉಳಿಸಿ. ನಕ್ಷೆ ಹಂಚಿಕೊಳ್ಳುವ ಯುಮ್ಯಾಪ್ ತಾಣದಲ್ಲಿ ಅದನ್ನು ಇಂಪೋರ್ಟ್ ಮಾಡಿ. ಕೊಂಡಿಯನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ ಎಲ್ಲರೂ ಫೋನ್‌ನಲ್ಲೇ ನೋಡಬಹುದು.

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಕೆರೆ ಇಲ್ಲದಿದ್ದರೆ ಅಲ್ಲಿಗೂ ಸೇರಿಸಿ. ಖಾತೆ ತೆರೆದು ಎಡಿಟ್ ಒತ್ತಿದರೆ ಬ್ರೌಸರ್‌ನಲ್ಲೇ ಬಿಡಿಸಬಹುದು. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವುದಕ್ಕೆ ಮಾತ್ರ ಅಲ್ಲಿ ಅನುಮತಿ ಇಲ್ಲ. ಎಡಿಟರ್ ತೋರಿಸುವ ಉಪಗ್ರಹ ಚಿತ್ರ ಮತ್ತು ನೀವೇ ನಡೆದು ತಂದ ಮಾಹಿತಿ ಬಳಸಿ. ಹೆಸರಿನ ಜಾಗದಲ್ಲಿ ಬೇರೆ ಬೇರೆ ಭಾಷೆ ಸೇರಿಸುವ ಆಯ್ಕೆ ಇರುತ್ತದೆ. ಕನ್ನಡ ಆರಿಸಿ, ಊರಿನವರು ಕರೆಯುವ ಹೆಸರನ್ನೇ ಬರೆಯಿರಿ. ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ತಂದ ತಪ್ಪು ಹೆಸರು ಈಗಾಗಲೇ ಅಲ್ಲಿದ್ದರೆ ಅದನ್ನೂ ತಿದ್ದಿ.