ನನ್ನ ಚೆಸ್ ಎಂಜಿನ್ ಬಲವಾಗಿದ್ದು ಹೀಗೆ

ನಾನು ಆಡುವ ಚೆಸ್ ಅಷ್ಟಕ್ಕಷ್ಟೇ. ನಾನು ಬರೆದ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಮಾತ್ರ ನನ್ನನ್ನು ಆರಾಮಾಗಿ ಸೋಲಿಸುತ್ತದೆ. ಎಂಜಿನ್ ಬರೆಯಲು ದೊಡ್ಡ ಆಟಗಾರನಾಗಬೇಕು ಎಂದು ಹಿಂಜರಿಯುವವರಿಗೆ ಇದನ್ನೇ ಮೊದಲು ಹೇಳುತ್ತೇನೆ. ಬೇಕಾಗಿದ್ದು ಅಳೆದು ನೋಡುವ ತಾಳ್ಮೆ.

ಬಲದ ಮಾತಿಗೆ ಮುಂಚೆ ನಡೆಗಳು ಸರಿಯಾಗಿ ಹುಟ್ಟುತ್ತಿವೆಯೇ ಎಂದು ನೋಡಬೇಕು. ಇದಕ್ಕೆ ಇಷ್ಟು ನಡೆಗಳ ಆಳಕ್ಕೆ ಒಟ್ಟು ಎಷ್ಟು ದಾರಿಗಳಿವೆ ಎಂದು ಎಣಿಸುವ ಪರ್ಫ್ಟ್ ಎಂಬ ಲೆಕ್ಕ ಇದೆ. ಆಟದ ಆರಂಭದಿಂದ ಒಂದು ನಡೆಯ ಆಳಕ್ಕೆ 20 ದಾರಿ, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281. ಒಂದು ಅಂಕಿ ಆಚೀಚೆಯಾದರೂ ಎಲ್ಲೋ ಬಗ್ ಇದೆ ಎಂದೇ ಅರ್ಥ. ಆರಂಭದ ಸ್ಥಿತಿಯೊಂದೇ ಸಾಲದು. ಕ್ಯಾಸಲಿಂಗ್, ಆನ್ ಪಾಸಾನ್, ಪ್ರಮೋಷನ್ ಎಂಬ ವಿಶೇಷ ನಡೆಗಳೆಲ್ಲ ಸೇರಿಕೊಂಡಿರುವ ಸ್ಥಿತಿಗಳಲ್ಲೂ ನೋಡಬೇಕು.

ನಿಜವಾದ ಬಲ ಬರುವುದು ಹುಡುಕಾಟದಲ್ಲಿ. ಒಂದು ಸ್ಥಿತಿಯಲ್ಲಿ ಸರಾಸರಿ 35 ನಡೆಗಳಿರುತ್ತವೆ, ಎಲ್ಲವನ್ನೂ ನೋಡುತ್ತಾ ಕೂತರೆ ಆಗುವ ಕೆಲಸವಲ್ಲ. ಆಲ್ಫಾ-ಬೀಟಾ ಎಂಬ ವಿಧಾನ ಬೇಡದ ಕೊಂಬೆಗಳನ್ನು, ಅಂದರೆ ನೋಡಬೇಕಿಲ್ಲದ ನಡೆಗಳ ಸಾಲುಗಳನ್ನು, ಕತ್ತರಿಸುತ್ತದೆ. ಆದರೆ ಒಳ್ಳೆಯ ನಡೆ ಮೊದಲೇ ಸಿಕ್ಕರೆ ಮಾತ್ರ ಅದು ಚೆನ್ನಾಗಿ ಕತ್ತರಿಸುತ್ತದೆ. ಅದೃಷ್ಟ ಪೂರ್ತಿ ಕೈಹಿಡಿದರೆ ಅಷ್ಟೇ ಸಮಯದಲ್ಲಿ ಸುಮಾರು ಎರಡರಷ್ಟು ಆಳಕ್ಕೆ ಹೋಗಬಹುದು. ಅದಕ್ಕೇ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ನಡೆಗಳ ಸರದಿಗೆ. ಮೊದಲು, ಈಗಾಗಲೇ ನೋಡಿದ ಸ್ಥಿತಿಗಳನ್ನು ನೆನಪಿಡುವ ಟ್ರಾನ್ಸ್‌ಪೊಸಿಷನ್ ಟೇಬಲ್‌ನಲ್ಲಿ ಉಳಿದಿರುವ ನಡೆ. ಆಮೇಲೆ ಕಾಯಿ ಹೊಡೆಯುವ ನಡೆಗಳು: ಪ್ಯಾದೆಯಿಂದ ರಾಣಿಯನ್ನು ಹೊಡೆಯುವುದು ಮೇಲೆ, ರಾಣಿಯಿಂದ ಪ್ಯಾದೆಯನ್ನು ಹೊಡೆಯುವುದು ಕೆಳಗೆ. ಅದರ ನಂತರ ಅದೇ ಆಳದಲ್ಲಿ ಈಚೆಗೆ ಕೊಂಬೆ ಕತ್ತರಿಸಿದ ಕಿಲ್ಲರ್ ನಡೆಗಳು, ಕೊನೆಗೆ ಹಿಂದೆ ಎಷ್ಟು ಫಲ ಕೊಟ್ಟಿವೆ ಎಂದು ಹೇಳುವ ಹಿಸ್ಟರಿ ಅಂಕದ ಪ್ರಕಾರ ಉಳಿದವು. ಕತ್ತರಿ ಬಿದ್ದಾಗ ಎಷ್ಟು ಸಲ ಅದು ಮೊದಲ ನಡೆಯಲ್ಲೇ ಬಿತ್ತು ಎಂದು ಎಣಿಸುವ ಸಾಲೊಂದನ್ನು ಕೋಡ್‌ಗೆ ಸೇರಿಸಿದೆ. ಇದು 90 ಶೇಕಡದ ಹತ್ತಿರ ಇದ್ದರೆ ಸರದಿ ಚೆನ್ನಾಗಿದೆ ಎಂದು ಲೆಕ್ಕ.

ಹುಡುಕಾಟವನ್ನು ಹೊಡೆದಾಟದ ಮಧ್ಯದಲ್ಲೇ ನಿಲ್ಲಿಸಬಾರದು. ನಿಲ್ಲಿಸಿದರೆ ಎಂಜಿನ್ ರಾಣಿಯಿಂದ ಪ್ಯಾದೆಯನ್ನು ಹೊಡೆದು ಖುಷಿಪಡುತ್ತದೆ, ಮುಂದಿನ ನಡೆಯಲ್ಲೇ ರಾಣಿ ಹೋಗುವುದು ಅದಕ್ಕೆ ಕಾಣುವುದೇ ಇಲ್ಲ. ಸ್ಥಿತಿ ತಣ್ಣಗಾಗುವವರೆಗೆ ಹೊಡೆತಗಳನ್ನಷ್ಟೇ ಮುಂದುವರಿಸಿ ನೋಡುವ ಕ್ವೈಸೆನ್ಸ್ ಹುಡುಕಾಟ ಇರಲೇಬೇಕು.

ನಲ್ ಮೂವ್ ನನಗೆ ತುಂಬಾ ಇಷ್ಟವಾದ ಉಪಾಯ. ಎದುರಾಳಿಗೆ ಒಂದು ನಡೆ ಸುಮ್ನೆ ಬಿಟ್ಟುಕೊಡುವುದು. ಆಗಲೂ ನಾವೇ ಮೇಲಿದ್ದರೆ ಆ ಕೊಂಬೆಯನ್ನು ಬಿಟ್ಟುಬಿಡಬಹುದು. ಆದರೆ ರಾಜ, ಪ್ಯಾದೆಗಳಷ್ಟೇ ಉಳಿದ ಆಟದಲ್ಲಿ ಇದನ್ನು ಆಫ್ ಮಾಡುತ್ತೇನೆ. ಅಲ್ಲಿ ನಡೆಯಲೇಬೇಕಾಗಿ ಬರುವುದೇ ಎಷ್ಟೋ ಸಲ ಸೋಲಿಗೆ ಕಾರಣ. ಸರದಿಯಲ್ಲಿ ಕೊನೆಗೆ ಬರುವ ನಡೆಗಳನ್ನು ಕಡಿಮೆ ಆಳಕ್ಕೆ ನೋಡುವ ಎಲ್‌ಎಂಆರ್ ಕೂಡ ಒಳ್ಳೆಯ ಲಾಭ ಕೊಟ್ಟಿತು.

ಲಾಭ ಆಗಿದೆ ಎಂದು ಗೊತ್ತಾಗುವುದು ಹೇಗೆ? ಕಣ್ಣಿಗೆ ಚೆನ್ನಾಗಿ ಆಡಿದಂತೆ ಕಂಡರೆ ಸಾಲದು. ಹಳೆಯ ಆವೃತ್ತಿಯ ಜೊತೆ ಹೊಸದನ್ನು ಆಡಿಸಬೇಕು, ಸಾವಿರಾರು ಆಟ. ಆಟದ ಬಲವನ್ನು ಇಲೋ ಎಂಬ ಅಂಕದಲ್ಲಿ ಅಳೆಯುತ್ತಾರೆ; 10 ಇಲೋ ಜಾಸ್ತಿ ಬಲ ಎಂದರೆ ನೂರಕ್ಕೆ ಬರೀ 51.4 ಅಂಕ. ಸಾವಿರ ಆಟ ಆಡಿಸಿದರೂ ಫಲಿತಾಂಶದಲ್ಲಿ ಹದಿನೈದಿಪ್ಪತ್ತು ಇಲೋ ಅತ್ತಿತ್ತ ಆಗುವ ಸಾಧ್ಯತೆ ಇರುತ್ತದೆ. ಐವತ್ತು ಆಟ ನೋಡಿ ಕುಣಿಯುವುದು ವ್ಯರ್ಥ, ಅಲ್ವಾ? ನಾನು ಎಸ್‌ಪಿಆರ್‌ಟಿ ಪರೀಕ್ಷೆ ಬಳಸುತ್ತೇನೆ. ಸಾಕಷ್ಟು ಪುರಾವೆ ಸಿಕ್ಕ ಕೂಡಲೇ ಅದೇ ನಿಲ್ಲಿಸುತ್ತದೆ. ಆಟಕ್ಕೆ 10 ಸೆಕೆಂಡು, ಪ್ರತಿ ನಡೆಗೆ 0.1 ಸೆಕೆಂಡು ಸೇರ್ಪಡೆ. ಬೇರೆ ಬೇರೆ ಆರಂಭಗಳಿಂದ, ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ. ಒಂದು ಸಲಕ್ಕೆ ಒಂದೇ ಬದಲಾವಣೆ. ತೇರ್ಗಡೆಯಾಗದ ಕೋಡ್ ಎಷ್ಟೇ ಜಾಣತನದ್ದಾದರೂ ಹೊರಗೆ. ಹಾಗೆ ಹೊರಗೆ ಹೋದವೇ ಹೆಚ್ಚು.

ಸ್ಥಿತಿಗೆ ಅಂಕ ಕೊಡುವ ಭಾಗವನ್ನು ಕೊನೆಗಿಟ್ಟುಕೊಂಡಿದ್ದೆ. ಕುದುರೆಗೆ ಇಷ್ಟು, ತೆರೆದ ಸಾಲಿನ ಆನೆಗೆ ಇಷ್ಟು ಎಂದು ಕೈಯಿಂದ ಬರೆದ ಅಂಕಗಳಿದ್ದವು. ಈಗ ಅಲ್ಲಿ ಎನ್‌ಎನ್‌ಯುಇ ಎಂಬ ಪುಟ್ಟ ನ್ಯೂರಲ್ ನೆಟ್‌ವರ್ಕ್ ಇದೆ. ಜಪಾನಿನ ಶೋಗಿ ಆಟಕ್ಕಾಗಿ 2018ರಲ್ಲಿ ಯು ನಾಸು ರೂಪಿಸಿದ ಇದನ್ನು 2020ರಲ್ಲಿ ಪ್ರಸಿದ್ಧ ಚೆಸ್ ಎಂಜಿನ್ ಸ್ಟಾಕ್‌ಫಿಶ್ ಕೂಡ ಅಳವಡಿಸಿಕೊಂಡಿತು. ಒಂದು ನಡೆಯಲ್ಲಿ ಬದಲಾಗುವುದು ಕೆಲವೇ ಮನೆಗಳು. ಮೊದಲ ಪದರದಲ್ಲಿ ಅಷ್ಟನ್ನೇ ಮತ್ತೆ ಲೆಕ್ಕ ಹಾಕಿದರೆ ಸಾಕು, ಹಾಗಾಗಿ ಸಾಮಾನ್ಯ ಸಿಪಿಯುನಲ್ಲೂ ಓಡುತ್ತದೆ. ತರಬೇತಿಗೆ ನನ್ನ ಎಂಜಿನ್ ತನ್ನ ಜೊತೆ ತಾನೇ ಆಡಿದ ಆಟಗಳನ್ನು ಬಳಸಿದೆ. ಬೇರೆಯವರ ನೆಟ್‌ವರ್ಕ್ ತಂದು ಹಾಕಿದ್ದರೆ ಬೇಗ ಆಗುತ್ತಿತ್ತು, ಆದರೆ ಆಗ ಅದು ನನ್ನ ಎಂಜಿನ್ ಅನ್ನಿಸುತ್ತಿರಲಿಲ್ಲ. ಎನ್‌ಎನ್‌ಯುಇ ಬಂದ ಮೇಲೆ ಎಲ್‌ಎಂಆರ್‌ನ ಹಳೆಯ ಅಂಕಿಗಳು ಹೊಂದುತ್ತಿಲ್ಲ. ಸದ್ಯ ಅವನ್ನೇ ಒಂದೊಂದಾಗಿ ಮತ್ತೆ ಪರೀಕ್ಷೆಗೆ ಹಾಕುತ್ತಿದ್ದೇನೆ.