ಸೆಕ್ಯುರಿಟಿ ಕ್ಲಿಯರೆನ್ಸ್ ಅರ್ಜಿಗೆ ಮೊದಲು ಬಾಕಿ ಸಾಲಕ್ಕೊಂದು ದಾರಿ

ಅಮೆರಿಕದ ರಕ್ಷಣಾ ಇಲಾಖೆಯಲ್ಲೋ ಅದರ ಗುತ್ತಿಗೆ ಕಂಪನಿಯಲ್ಲೋ ಗುಟ್ಟಿನ ಕಡತ ನೋಡುವ ಕೆಲಸವಾದರೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಹಿನ್ನೆಲೆ ತನಿಖೆಯ ನಂತರ ಸರ್ಕಾರ ಕೊಡುವ ಅನುಮತಿ, ಬೇಕು. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಅಲ್ಲಿನ ಪೌರತ್ವ ಪಡೆದ ಕನ್ನಡಿಗರಿಗೂ ಇದೇ ನಿಯಮ. ಅರ್ಜಿದಾರರನ್ನು ಅಳೆಯಲು 13 ಮಾನದಂಡಗಳಿವೆ. ಹಣಕಾಸಿನದು 'ಗೈಡ್‌ಲೈನ್ ಎಫ್'. ಜಾಸ್ತಿ ಜನ ಎಡವುವುದು ಇಲ್ಲೇ.

ಸಾಲಕ್ಕೂ ದೇಶದ ಗುಟ್ಟಿಗೂ ಏನು ಸಂಬಂಧ ಅಂತೀರಾ? ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಕಡೆಯವರಿಗೆ ಗುಟ್ಟು ಮಾರಲು ಶುರು ಮಾಡಿದಾಗ ಸಾಲದಲ್ಲಿ ಮುಳುಗಿದ್ದ. ಸಿಕ್ಕಿಬಿದ್ದದ್ದು 1994ರಲ್ಲಿ. ಹಾಗಂತ ಸಾಲ ಇದ್ದವರನ್ನೆಲ್ಲ ಅನುಮಾನಿಸುವುದಿಲ್ಲ. ಮನೆ ಸಾಲ, ಕಾರಿನ ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದರೆ ಚಿಂತೆಯಿಲ್ಲ. ಕಟ್ಟದೆ ಕೈಬಿಟ್ಟ ಸಾಲ ಮಾತ್ರ ಕಣ್ಣಿಗೆ ಬೀಳುತ್ತದೆ.

ಮೊದಲು ಜನರ ಸಾಲದ ಲೆಕ್ಕ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಿಂದಲೂ ನಿಮ್ಮ ಕ್ರೆಡಿಟ್ ರಿಪೋರ್ಟ್ (ಸಾಲ ಮತ್ತು ಮರುಪಾವತಿಯ ದಾಖಲೆ) ತೆಗೆಸಿ. ಉಚಿತವಾಗಿಯೇ ಸಿಗುತ್ತದೆ. ತನಿಖೆಯವರೂ ಕ್ರೆಡಿಟ್ ರಿಪೋರ್ಟ್ ನೋಡುತ್ತಾರೆ, ಅವರಿಗಿಂತ ಮುಂಚೆ ನೀವು ನೋಡಿರಬೇಕು ಅಲ್ವಾ? ನಿಮ್ಮದಲ್ಲದ ಸಾಲ ಕಂಡರೆ ಬರಹದಲ್ಲೇ ತಕರಾರು ಹಾಕಿ, ಪ್ರತಿ ಇಟ್ಟುಕೊಳ್ಳಿ.

ಆಮೇಲೆ ಬಾಕಿ ಸಾಲ. ಸಾಲ ಕೊಟ್ಟವರೊಡನೆ ಮಾತಾಡಿ ಕಂತು ಗೊತ್ತು ಮಾಡಿಕೊಳ್ಳಿ. ಎಲ್ಲ ಸಾಲವೂ ಒಮ್ಮೆಲೇ ತೀರಿರಬೇಕೆಂದಿಲ್ಲ. ಆದರೆ ಒಂದು ಯೋಜನೆ ಇರಬೇಕು, ಅದರಂತೆ ಹಣ ಹೋಗುತ್ತಿರಬೇಕು. ಕ್ಲಿಯರೆನ್ಸ್‌ಗೆ ಆಕ್ಷೇಪದ ನೋಟಿಸು ಬಂದ ಮೇಲೆ ಅವಸರದಲ್ಲಿ ಕಟ್ಟಿದ್ದಕ್ಕೆ ಬೆಲೆ ಕಡಿಮೆ, ಆದ್ದರಿಂದ ಅರ್ಜಿಗೆ ಮುಂಚೆಯೇ ಶುರು ಮಾಡಿ. ತೆರಿಗೆ ಬಾಕಿಯಿದ್ದರೆ ಅದೇ ಮೊದಲು. ರಿಟರ್ನ್ ಸಲ್ಲಿಸಿ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಜೊತೆ ಕಂತಿನ ಒಪ್ಪಂದ ಮಾಡಿಕೊಳ್ಳಿ. 'ಏಳು ವರ್ಷ ಸುಮ್ನೆ ಕೂತರೆ ರಿಪೋರ್ಟಿನಿಂದ ಹೋಗುತ್ತೆ' ಎಂದು ಸ್ನೇಹಿತರು ಹೇಳಬಹುದು. ಅದು ಕೆಟ್ಟ ಸಲಹೆ. ರಿಪೋರ್ಟಿನಿಂದ ಹೋದರೂ, ಬ್ಯಾಂಕು ಚಾರ್ಜ್‌ಆಫ್ ಮಾಡಿದರೂ (ವಸೂಲಾಗದ ಸಾಲವೆಂದು ನಷ್ಟಕ್ಕೆ ಬರೆದುಕೊಂಡರೂ) ನೀವು ಸಾಲ ತೀರಿಸಿದಂತೆ ಲೆಕ್ಕವಿಲ್ಲ.

ಕೆಲಸ ಹೋಯಿತು, ಕಾಯಿಲೆ ಬಂತು, ವಿಚ್ಛೇದನವಾಯಿತು. ಇಂಥ ಕಾರಣಗಳನ್ನು ನಿಯಮವೇ ಒಪ್ಪುತ್ತದೆ. ಜೊತೆಗೆ, ಆ ಕಷ್ಟದಲ್ಲೂ ನೀವು ಜವಾಬ್ದಾರಿಯಿಂದ ನಡೆದಿರಿ ಎಂದು ತೋರಿಸಬೇಕು. ಆಸ್ಪತ್ರೆ ಬಿಲ್, ಕೆಲಸದಿಂದ ತೆಗೆದ ಪತ್ರ, ಕಂತು ಕಟ್ಟಿದ ರಸೀದಿ ಎಲ್ಲ ಒಂದೇ ಫೈಲಿನಲ್ಲಿರಲಿ.

ಕ್ಲಿಯರೆನ್ಸ್‌ಗಾಗಿ ತುಂಬುವ ಎಸ್‌ಎಫ್-86 ಅರ್ಜಿಯ 26ನೇ ಭಾಗದಲ್ಲಿ ಬಹುಪಾಲು ಕಳೆದ 7 ವರ್ಷಗಳ ಹಣಕಾಸನ್ನು ಕೇಳುತ್ತಾರೆ. ದಿವಾಳಿ, ತೆರಿಗೆ, ಜೂಜಿನ ಸಾಲ, 120 ದಿನ ಮೀರಿದ ಬಾಕಿ ಎಲ್ಲವೂ ಅಲ್ಲಿ ಬರುತ್ತದೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಬೇಕೆಂದೇ ಮುಚ್ಚಿಟ್ಟರೆ ಅದು ನಡತೆಯ ಮಾನದಂಡವಾದ 'ಗೈಡ್‌ಲೈನ್ ಇ' ಕೆಳಗೂ ಬರುತ್ತದೆ. ಸಾಲಕ್ಕಿಂತ ಸುಳ್ಳಿಗೆ ಉತ್ತರ ಕೊಡುವುದು ಕಷ್ಟ.

ಅಷ್ಟಾದರೂ ಆಕ್ಷೇಪ ಬಂದರೆ ಅದರ ಕಾರಣಗಳನ್ನು ಹೇಳುವ 'ಸ್ಟೇಟ್‌ಮೆಂಟ್ ಆಫ್ ರೀಸನ್ಸ್' ಎಂಬ ಪತ್ರ ಬರುತ್ತದೆ. ರಕ್ಷಣಾ ಗುತ್ತಿಗೆ ಕಂಪನಿಯ ನೌಕರರಿಗೆ ಉತ್ತರಿಸಲು 20 ದಿನ ಸಮಯ. ಒಂದೊಂದು ಆರೋಪಕ್ಕೂ ಬೇರೆ ಬೇರೆಯಾಗಿ, ಒಪ್ಪುತ್ತೀರೋ ಇಲ್ಲವೋ ಬರೆದು ದಾಖಲೆ ಲಗತ್ತಿಸಿ. ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕಿದ್ದರೆ ಅದೇ ಉತ್ತರದಲ್ಲಿ ಕೇಳಿ.

ಕ್ಲಿಯರೆನ್ಸ್ ಸಿಕ್ಕಿದ ಮೇಲೂ ಕ್ರೆಡಿಟ್ ದಾಖಲೆಯ ಮೇಲೆ ನಿಗಾ ನಡೆದೇ ಇರುತ್ತದೆ. ಕಂತು ತಪ್ಪುವ ಹಾಗಿದ್ದರೆ ಕಂಪನಿಯ ಭದ್ರತಾ ಅಧಿಕಾರಿಗೆ ನೀವೇ ಮೊದಲು ತಿಳಿಸಿ.