ಕಾರಿನ ಸಬ್‌ವೂಫರ್‌ಗೆ ಆಂಪ್ಲಿಫೈಯರ್ ಜೋಡಿಸುವ ಕ್ರಮ, ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿದು

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದವರೆಗೆ ವಾರಕ್ಕೆರಡು ಬಾರಿ ಓಡಾಡುವ ನನ್ನ ಹಳೆಯ ಕಾರಿಗೆ ನಾನೇ ಆಂಪ್ಲಿಫೈಯರ್ (ಸದ್ದಿನ ಸಂಕೇತಕ್ಕೆ ಬಲ ಕೊಡುವ ಸಾಧನ, ಮುಂದೆ ಆಂಪ್) ಮತ್ತು ಸಬ್‌ವೂಫರ್ (ಬೇಸ್ ಎಂಬ ತಗ್ಗು ಸ್ವರಗಳ ಸ್ಪೀಕರ್, ಮುಂದೆ ವೂಫರ್) ಕೂರಿಸಿದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಬೇಸಿಗೆ ಮುಗಿಯುವವರೆಗೆ ಯಾವ ತಕರಾರೂ ಇರಲಿಲ್ಲ. ಜುಲೈ ಮಳೆ ಹಿಡಿದ ಮೇಲೆ ಹಾಡಿನ ನಡುವೆ ಬೇಸ್ ಇದ್ದಕ್ಕಿದ್ದಂತೆ ನಿಲ್ಲುವುದು, ಸ್ವಲ್ಪ ದೂರ ಹೋದ ಬಳಿಕ ತಾನಾಗಿಯೇ ಮರಳುವುದು ಶುರುವಾಯಿತು. ಬಿಚ್ಚಿ ನೋಡಿದಾಗ ದೋಷವಿದ್ದದ್ದು ಆಂಪ್‌ನಲ್ಲೂ ಅಲ್ಲ, ವೂಫರ್‌ನಲ್ಲೂ ಅಲ್ಲ. ಬಣ್ಣವನ್ನು ಪೂರ್ತಿ ಕೆರೆಯದೆ ನಾನು ಅವಸರದಲ್ಲಿ ಬಿಗಿದಿದ್ದ ಅರ್ತ್ ಬೋಲ್ಟಿನ (ಆಂಪ್‌ನ ಮೈನಸ್ ಕೇಬಲನ್ನು ಕಾರಿನ ಬಾಡಿಯ ಲೋಹಕ್ಕೆ ಕಟ್ಟುವ ಬೋಲ್ಟು) ಸುತ್ತ ತುಕ್ಕು ಹಿಡಿದಿತ್ತು. ಆದ್ದರಿಂದ ಈ ಬರಹದಲ್ಲಿ ಅರ್ತ್‌ಗೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಸಿಕ್ಕಿದ್ದರೆ ಓದುಗರು ಕಾರಣವನ್ನು ಊಹಿಸಿಕೊಳ್ಳಬಹುದು.

ಕೊಳ್ಳುವ ಮೊದಲೇ ಮಾಡಬೇಕಾದ ಲೆಕ್ಕವೊಂದಿದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ವಾಟ್ ಸಂಖ್ಯೆಯನ್ನು ಬದಿಗಿಟ್ಟು, ಒಳಗಿನ ಕೈಪಿಡಿಯಲ್ಲಿ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಅಥವಾ ತಾಳಬಲ್ಲ ಶಕ್ತಿ) ಎಂದು ಬರೆದಿರುವ ಸಂಖ್ಯೆಯನ್ನಷ್ಟೇ ನಂಬಬೇಕು. ಕೈಪಿಡಿ ಇಲ್ಲದಿದ್ದರೆ ಆಂಪ್‌ನ ಬದಿಯಲ್ಲಿ ಸಿಕ್ಕಿಸಿರುವ ಫ್ಯೂಸನ್ನು ನೋಡಿದರೂ ಸಾಕು: 60 ಆಂಪಿಯರ್ ಫ್ಯೂಸ್ ಇರುವ ಆಂಪ್, ಎಂಜಿನ್ ಓಡುತ್ತಿರುವಾಗಿನ ಸುಮಾರು 14 ವೋಲ್ಟ್‌ನಲ್ಲಿ, ಹೆಚ್ಚೆಂದರೆ 840 ವಾಟ್ ಒಳಗೆಳೆದುಕೊಳ್ಳುತ್ತದೆ, ಅದರಲ್ಲಿ ಐದನೇ ಒಂದು ಭಾಗ ಶಾಖವಾಗಿ ಹೋದರೆ ವೂಫರ್‌ಗೆ ತಲುಪುವುದು 670 ವಾಟ್‌ನ ಆಸುಪಾಸು. ಅಂಥ ಆಂಪ್‌ನ ಮೇಲೆ 3000 ವಾಟ್ ಎಂದು ಬರೆದಿದ್ದರೆ ಅದು ಅಂಗಡಿಯ ಗಾಜಿನ ಕಪಾಟಿಗಾಗಿ ಬರೆದದ್ದು.

ಎರಡನೆಯ ಲೆಕ್ಕ ಓಮ್‌ಗೆ, ಅಂದರೆ ವೂಫರ್ ವಿದ್ಯುತ್ತಿಗೆ ಒಡ್ಡುವ ರೋಧದ ಅಳತೆಗೆ, ಸಂಬಂಧಿಸಿದ್ದು, ಮತ್ತು ಆಂಪ್‌ಗಳು ಸುಟ್ಟುಹೋಗುವುದು ಹೆಚ್ಚಾಗಿ ಇಲ್ಲಿಯೇ. ಒಂದೇ ವಾಯ್ಸ್ ಕಾಯಿಲ್ (ವೂಫರ್‌ನ ಕೋನನ್ನು ಅಲುಗಿಸುವ ತಂತಿಸುರುಳಿ) ಇರುವ 4 ಓಮ್ ವೂಫರ್ ಆದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸುವುದಷ್ಟೇ ಕೆಲಸ. ಎರಡು ಕಾಯಿಲ್ ಇರುವ ವೂಫರ್‌ನಲ್ಲಿ ಆಯ್ಕೆ ನಮ್ಮ ಕೈಯಲ್ಲಿರುತ್ತದೆ. ತಲಾ 4 ಓಮ್‌ನ ಎರಡು ಕಾಯಿಲ್‌ಗಳ ಪ್ಲಸ್‌ಗಳನ್ನು ಒಟ್ಟಿಗೆ, ಮೈನಸ್‌ಗಳನ್ನು ಒಟ್ಟಿಗೆ ಸೇರಿಸಿದರೆ ಅದು ಸಮಾಂತರ ಜೋಡಣೆ, ಆಂಪ್‌ಗೆ ಕಾಣುವುದು 2 ಓಮ್. ಒಂದು ಕಾಯಿಲ್‌ನ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕಟ್ಟಿ ಉಳಿದ ಎರಡು ತುದಿಗಳನ್ನು ಆಂಪ್‌ಗೆ ಕೊಟ್ಟರೆ ಅದು ಸರಣಿ ಜೋಡಣೆ, ಕಾಣುವುದು 8 ಓಮ್. ತಲಾ 2 ಓಮ್‌ನ ಕಾಯಿಲ್‌ಗಳಾದರೆ ಇದೇ ಕ್ರಮದಲ್ಲಿ 1 ಓಮ್ ಅಥವಾ 4 ಓಮ್ ಸಿಗುತ್ತದೆ. ಆಂಪ್‌ನ ಕೈಪಿಡಿ 2 ಓಮ್‌ಗಿಂತ ಕೆಳಗಿಳಿಯಬಾರದು ಎಂದಿದ್ದರೆ 1 ಓಮ್ ಜೋಡಣೆಯ ಆಸೆಯನ್ನು ಬಿಡಲೇಬೇಕು. ಆಂಪ್‌ನ ಎರಡು ಚಾನಲ್‌ಗಳನ್ನು ಒಂದೇ ವೂಫರ್‌ಗೆ ಒಟ್ಟುಗೂಡಿಸಿ ಬ್ರಿಡ್ಜ್ ಮಾಡುವಾಗ ಪ್ರತಿ ಚಾನಲ್‌ಗೂ ಅರ್ಧದಷ್ಟು ಓಮ್ ಮಾತ್ರ ಕಾಣುತ್ತದೆಯಾದ್ದರಿಂದ, ಸಾಮಾನ್ಯವಾಗಿ 2 ಓಮ್ ತಾಳುವ ಆಂಪ್‌ಗೆ ಬ್ರಿಡ್ಜ್‌ನಲ್ಲಿ 4 ಓಮ್‌ಗಿಂತ ಕಡಿಮೆ ಕೊಡಬಾರದು. ಕಟ್ಟಿದ ಮೇಲೆ ಮಲ್ಟಿಮೀಟರ್‌ನಿಂದ ಅಳೆದು ನೋಡಿ: 4 ಓಮ್ ಕಾಯಿಲ್ ಮೀಟರ್‌ನಲ್ಲಿ 3.2ರಿಂದ 3.6ರವರೆಗೆ ತೋರಿಸಿದರೆ ಅದು ದೋಷವಲ್ಲ.

ಇನ್ನು ತಂತಿಯ ವಿಷಯ. ಬಾನೆಟ್ಟಿನ ಕೆಳಗಿನ ಬ್ಯಾಟರಿಯಿಂದ ಡಿಕ್ಕಿಯವರೆಗೆ ಚಿಕ್ಕ ಕಾರಿನಲ್ಲೂ ಸುಮಾರು 5 ಮೀಟರ್ ಕೇಬಲ್ ಬೇಕಾಗುತ್ತದೆ. 40 ಆಂಪಿಯರ್ ಹರಿಯುವಾಗ 8 ಗೇಜ್ (ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ) ತಾಮ್ರದ ಕೇಬಲ್ ಅಷ್ಟು ಉದ್ದಕ್ಕೆ ಸುಮಾರು 0.4 ವೋಲ್ಟ್ ನುಂಗಿದರೆ, 4 ಗೇಜ್ ಕೇಬಲ್ 0.16 ವೋಲ್ಟ್ ಮಾತ್ರ ನುಂಗುತ್ತದೆ. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಸಿಗುವುದು ಹೆಚ್ಚಾಗಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದೇ ಎಂದು ತಿಳಿಯಬಹುದು. ಅದರ ರೋಧ ತಾಮ್ರಕ್ಕಿಂತ ಹೆಚ್ಚು, ತೇವಕ್ಕೆ ಬೇಗ ಕೆಡುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಒಂದು ಗೇಜ್ ದಪ್ಪದ್ದನ್ನು ಹಾಕಿ ಹೇಗೋ ಸುಧಾರಿಸಬಹುದಾದರೂ, ಮೂಡಿಗೆರೆ, ಸಕಲೇಶಪುರದ ಕಡೆಯವರು ದುಡ್ಡು ಸ್ವಲ್ಪ ಹೆಚ್ಚಾದರೂ ಶುದ್ಧ ತಾಮ್ರವನ್ನೇ ಕೊಳ್ಳುವುದು ಒಳ್ಳೆಯದು.

ಕೆಲಸ ಆರಂಭಿಸುವಾಗ ಮೊದಲು ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಿಡಿ. ಪ್ಲಸ್ ಕೇಬಲ್‌ಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಈ ಫ್ಯೂಸ್ ಇರುವುದು ಆಂಪನ್ನು ಉಳಿಸಲು ಅಲ್ಲ, ಕೇಬಲ್ ಎಲ್ಲಿಯಾದರೂ ಉಜ್ಜಿ ಬಾಡಿಯ ಲೋಹಕ್ಕೆ ತಗುಲಿದಾಗ ಕಾರು ಹೊತ್ತಿ ಉರಿಯದಿರಲು. ಆದ್ದರಿಂದ ಅದರ ಅಳತೆ ಕೇಬಲ್ ತಾಳುವ ಮಿತಿಯನ್ನು ಎಂದಿಗೂ ಮೀರಬಾರದು. ಆಂಪ್‌ನಲ್ಲಿ 25 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದರೆ 4 ಗೇಜ್ ಕೇಬಲ್‌ಗೆ 50 ಆಂಪಿಯರ್ ಫ್ಯೂಸ್ ಸರಿಹೊಂದುತ್ತದೆ. ಹೋಲ್ಡರ್ ಕೂರಿಸಿ, ಫ್ಯೂಸನ್ನು ಮಾತ್ರ ಕೊನೆಯವರೆಗೆ ಜೇಬಿನಲ್ಲಿಟ್ಟುಕೊಳ್ಳಿ.

ಎಂಜಿನ್ ಕೋಣೆಯಿಂದ ಒಳಗೆ ಬರುವ ತಗಡಿನ ಗೋಡೆಯಲ್ಲಿ ಕಂಪನಿಯವರೇ ಬಿಟ್ಟ ರಬ್ಬರ್ ಬುಷ್ ಇರುತ್ತದೆ. ಅದರ ಮೂಲಕವೇ ಕೇಬಲ್ ಎಳೆಯಿರಿ, ಹೊಸ ರಂಧ್ರ ಕೊರೆಯಲೇಬೇಕಾದರೆ ಅದಕ್ಕೂ ಬುಷ್ ಹಾಕಿ. ಬುಷ್‌ಗೆ ಬರುವ ಮೊದಲು ಕೇಬಲ್ ಒಮ್ಮೆ ಕೆಳಗೆ ಇಳಿದು ಮೇಲೇರುವಂತೆ ಬಿಟ್ಟರೆ ಮಳೆನೀರು ಅದರ ಗುಂಟ ಒಳಗೆ ಬಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಬಾನೆಟ್ಟಿನ ಕೆಳಗಿನ ಭಾಗಕ್ಕೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ತೊಡಿಸುವುದು ಶಾಖಕ್ಕಾಗಿ ಮಾತ್ರವಲ್ಲ. ತೋಟದ ಮನೆಯ ಕಣದ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿಗಳ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

ಪವರ್ ಕೇಬಲ್ ಎಡಬದಿಯ ಬಾಗಿಲುಗಳ ಕೆಳಪಟ್ಟಿಯಡಿ ಹೋದರೆ, ಸ್ಟೀರಿಯೊದಿಂದ ಹಾಡಿನ ಸಂಕೇತ ತರುವ ಆರ್‌ಸಿಎ ತಂತಿ ಬಲಬದಿಯಿಂದ ಹೋಗಬೇಕು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಎಂಜಿನ್‌ನ ವೇಗಕ್ಕೆ ತಕ್ಕಂತೆ ಏರಿಳಿಯುವ ಒಂದು ಕೀರಲು ಸದ್ದು ಸೇರಿಕೊಳ್ಳುವ ಸಾಧ್ಯತೆಯಿದೆ. ರಿಮೋಟ್ ಎಂಬ ತೆಳು ತಂತಿ ಆರ್‌ಸಿಎ ಜೊತೆಗೇ ಬರಲಿ. ಸಾಮಾನ್ಯವಾಗಿ ಅದು ಬಿಳಿ ಗೆರೆಯ ನೀಲಿ ತಂತಿಯಾಗಿದ್ದು, ಸ್ಟೀರಿಯೊ ಹಾಕಿದಾಗ ಮಾತ್ರ 12 ವೋಲ್ಟ್ ಕೊಟ್ಟು ಆಂಪನ್ನು ಎಬ್ಬಿಸುತ್ತದೆ. ಇದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಆಂಪ್ ಎಂದೂ ಮಲಗುವುದಿಲ್ಲ, ಕೆಲವು ದಿನ ಕಾರು ನಿಂತರೆ ಬ್ಯಾಟರಿ ಮಲಗುತ್ತದೆ. ಕಂಪನಿಯ ಸ್ಟೀರಿಯೊದಲ್ಲಿ ಆರ್‌ಸಿಎ ಇಲ್ಲದಿದ್ದರೆ, ಸ್ಪೀಕರ್ ತಂತಿಯನ್ನೇ ನೇರವಾಗಿ ಸ್ವೀಕರಿಸುವ ಆಂಪ್ ಆರಿಸಿಕೊಂಡು ಹಿಂಬಾಗಿಲಿನ ಸ್ಪೀಕರ್‌ನಿಂದ ಸಂಕೇತ ಪಡೆಯಬಹುದು. ಒಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ಗೆ ಸೇರಿದ್ದೆಂದು ತಿಳಿದು ಮುಟ್ಟದೆ ಬಿಡಬೇಕು.

ಈಗ ಅರ್ತ್. ಪ್ಲಸ್ ಕೇಬಲ್‌ನಷ್ಟೇ ದಪ್ಪದ, ಅರ್ಧ ಮೀಟರ್‌ಗಿಂತ ಗಿಡ್ಡದಾದ ಕೇಬಲ್ ತೆಗೆದುಕೊಂಡು ಡಿಕ್ಕಿಯ ನೆಲದಲ್ಲಿ ಬಾಡಿಯ ಭಾಗವೇ ಆಗಿರುವ ದಪ್ಪ ತಗಡನ್ನು ಹುಡುಕಿ. ಸೀಟ್ ಬೆಲ್ಟಿನ ಬೋಲ್ಟ್ ಎಷ್ಟೇ ಅನುಕೂಲವಾಗಿ ಕಂಡರೂ ಅದನ್ನು ಬಳಸಬಾರದು. ಕೆಳಗೆ ಪೆಟ್ರೋಲ್ ಟ್ಯಾಂಕ್ ಇಲ್ಲವೆಂದು ಬಗ್ಗಿ ನೋಡಿ ಖಚಿತಪಡಿಸಿಕೊಂಡ ನಂತರವೇ ಡ್ರಿಲ್ ಹಿಡಿಯಿರಿ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಜಾಗವನ್ನು ಉಪ್ಪುಕಾಗದದಿಂದ, ಬಣ್ಣವಷ್ಟೇ ಅಲ್ಲ ಅದರಡಿಯ ಪ್ರೈಮರ್ ಕೂಡ ಹೋಗಿ ಲೋಹ ಥಳಥಳಿಸುವವರೆಗೆ ಉಜ್ಜಿ, ಕೇಬಲ್ ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ಲಗ್ಗನ್ನು, ಅಂದರೆ ಲೋಹದ ಬಳೆಯನ್ನು, ಆ ಲೋಹಕ್ಕೆ ನೇರವಾಗಿ ತಾಗುವಂತೆ ಇಟ್ಟು, ಚೂಪಾದ ಹಲ್ಲಿರುವ ವಾಷರ್ ಹಾಕಿ ನಟ್ಟು ಬಿಗಿಯಿರಿ. ಘಾಟಿಯ ಕುಲುಕಾಟಕ್ಕೆ ಸಡಿಲವಾಗದಂಥ ನೈಲಾನ್ ನಟ್ಟು ಸಿಕ್ಕರೆ ಇನ್ನೂ ಉತ್ತಮ. ಬಿಗಿದ ಮೇಲೆ, ಮೊದಲಲ್ಲ, ಇಡೀ ಜಾಗಕ್ಕೆ ಗ್ರೀಸ್ ಅಥವಾ ಬಣ್ಣ ಬಳಿದು ಮುಚ್ಚಿ. ಕೆಳಗಿನಿಂದ ಚಕ್ರ ಎರಚುವ ಕೆಮ್ಮಣ್ಣಿನ ನೀರು ಬೋಲ್ಟಿನ ತುದಿಗೆ ತಗುಲುವುದಾದ್ದರಿಂದ ಹೊರಗಿನ ಬದಿಗೂ ಬಳಿಯುವುದನ್ನು ಮರೆಯಬಾರದು. ನಾನು ಬಿಟ್ಟಿದ್ದ ಕೆಲಸಗಳಲ್ಲಿ ಇದೂ ಒಂದು.

ಆಂಪನ್ನು ಡಿಕ್ಕಿಯ ನೆಲಕ್ಕೆ ತಾಗಿಸದೆ ಹಲಗೆಯೊಂದರ ಮೇಲೆ ಎತ್ತರಿಸಿ, ಗಾಳಿಯಾಡುವಂತೆ ಕೂರಿಸಬೇಕು. ಅದರ ಮೇಲೆ ಗೊಬ್ಬರದ ಚೀಲ ಹೇರುವವರು ಬೇರೆ ಜಾಗ ನೋಡಿಕೊಳ್ಳಲಿ. ವೂಫರ್ ಕೂರುವ ಬೇಸ್ ಬಾಕ್ಸ್ ಎಂಡಿಎಫ್‌ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆದರೆ ತೇವಕ್ಕೆ ಅಂಚುಗಳು ಉಬ್ಬುತ್ತವೆ, ಹೊಸದಾಗಿ ಮಾಡಿಸುವವರು ಮರೈನ್ ಪ್ಲೈವುಡ್ ಕೇಳುವುದು ಲೇಸು.

ಎಲ್ಲ ತಂತಿಗಳೂ ಕೂತ ಬಳಿಕ ಬ್ಯಾಟರಿಯ ಮೈನಸ್ ಜೋಡಿಸಿ, ಆಮೇಲೆ ಜೇಬಿನ ಫ್ಯೂಸನ್ನು ಸಿಕ್ಕಿಸಿ. ಸ್ಟೀರಿಯೊ ಹಾಕಿದಾಗ ಆಂಪ್‌ನ ಪವರ್ ದೀಪ ಹೊತ್ತದೆ ಪ್ರೊಟೆಕ್ಟ್ ದೀಪ ಹೊತ್ತಿದರೆ ಕೂಡಲೇ ಆರಿಸಿ ಸ್ಪೀಕರ್ ತಂತಿಯ ಎಳೆಗಳು ಒಂದಕ್ಕೊಂದು ತಾಗಿವೆಯೇ ಎಂದು ನೋಡಬೇಕು. ಗೇನ್, ಅಂದರೆ ಆಂಪ್ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಹೊಂದಿಸುವಾಗ ಕಿವಿಗಿಂತ ಮೀಟರ್ ವಾಸಿ. ನಿಮ್ಮ ವೂಫರ್ 300 ವಾಟ್ ಆರ್‌ಎಂಎಸ್‌ನದ್ದು, ಜೋಡಣೆ 2 ಓಮ್‌ನದ್ದು ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 24.5 ವೋಲ್ಟ್ ಬರುತ್ತದೆ. ವೂಫರ್ ತಂತಿಯನ್ನು ಬಿಚ್ಚಿಟ್ಟು, ಬೇಸ್ ಬೂಸ್ಟ್ ಮತ್ತು ಸ್ಟೀರಿಯೊದ ಈಕ್ವಲೈಸರನ್ನು ಸೊನ್ನೆಗಿಳಿಸಿ, ಎಂಜಿನ್ ಓಡುತ್ತಿರುವಾಗ ಸ್ಟೀರಿಯೊದ ಧ್ವನಿಯನ್ನು ಮುಕ್ಕಾಲು ಭಾಗಕ್ಕೆ ಏರಿಸಿ, 50 ಹರ್ಟ್ಸ್‌ನ ಪರೀಕ್ಷಾ ಸ್ವರ ನುಡಿಸುತ್ತ, ಆಂಪ್‌ನ ಸ್ಪೀಕರ್ ತುದಿಗಳಲ್ಲಿ ಎಸಿ ವೋಲ್ಟ್ 24.5ಕ್ಕೆ ಬರುವವರೆಗೆ ಗೇನ್ ತಿರುಗಿಸಿ ಅಲ್ಲಿಯೇ ನಿಲ್ಲಿಸಬೇಕು. ತಗ್ಗು ಸ್ವರಗಳನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ನಲ್ಲಿದ್ದರೆ ಆರಂಭಕ್ಕೆ ಸಾಕು. ವೂಫರನ್ನು ಮರಳಿ ಜೋಡಿಸಿದಾಗ ಬೇಸ್ ತೆಳುವಾಗಿ ಕೇಳಿದರೆ ಅದರ ಪ್ಲಸ್ ಮೈನಸ್ ಅದಲುಬದಲು ಮಾಡಿ ಕೇಳಿ, ತುಂಬಿದಂತೆ ಕೇಳುವ ಬದಿಯನ್ನು ಉಳಿಸಿಕೊಳ್ಳಿ.

ಕೊನೆಯ ಪರೀಕ್ಷೆ ಅರ್ತ್‌ನದ್ದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಉದ್ದನೆಯ ತಂತಿಯ ನೆರವಿನಿಂದ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಆಂಪ್‌ನ ಅರ್ತ್ ತುದಿಗೂ ಹಿಡಿದು, ಬೇಸ್ ಜೋರಾಗಿ ನುಡಿಯುವಾಗ ಓದಿಕೊಳ್ಳಿ. ಮೀಟರ್ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಬೋಲ್ಟನ್ನು ಬಿಚ್ಚಿ ಮತ್ತೆ ಉಜ್ಜಬೇಕು. ಬಂದ ಅಂಕೆಯನ್ನು ಡಿಕ್ಕಿಯ ಮುಚ್ಚಳದ ಒಳಬದಿಯಲ್ಲಿ ಬರೆದಿಟ್ಟು, ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲೊಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಅಳೆದು ಹೋಲಿಸಿ ನೋಡುವುದು ನನ್ನ ರೂಢಿ. ನನ್ನ ಕಾರಿನಲ್ಲಿ ಅದು ಈಗ 0.06ರಲ್ಲಿ ನಿಂತಿದೆ.